ನಡುಕದ ಮೂಲ ಹುಡುಕಿದ ಲ್ಯಾಂಚೆಸ್ಟರ್

ಹಳೇ ಕಾರಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಸ್ಟೀರಿಂಗ್, ಸೀಟು ಎಲ್ಲಾ ಗಡಗಡ ಅಂತ ಅದುರೋದನ್ನ ನೀವೂ ನೋಡಿರ್ತೀರಿ. ನಮ್ಮ ಮಾವನ ಕಾರಲ್ಲೂ ಹೀಗೇ ಆಗ್ತಿತ್ತು. ಮೆಕ್ಯಾನಿಕ್ ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ನೋಡಿದರು. ನಿಂತಲ್ಲೇ ಅದುರಿದರೆ ಹೆಚ್ಚಾಗಿ ಇಂಜಿನ್ ಕಡೆ ದೋಷ, ಓಡುವಾಗ ಮಾತ್ರ ಅದುರಿದರೆ ಚಕ್ರ, ಡ್ರೈವ್ ಶಾಫ್ಟ್, ಇಂಜಿನ್ ಮೌಂಟ್ ನೋಡಬೇಕು. ಮಾವನ ಕಾರು ನಿಂತಲ್ಲೇ ಅದುರಿತು. ಕೊನೆಗೆ ಸಿಕ್ಕಿದ್ದು ಕ್ರ್ಯಾಂಕ್ ಪುಲ್ಲಿಯೊಳಗಿನ ಬಿರುಕು ಬಿಟ್ಟ ರಬ್ಬರ್. ಪುಲ್ಲಿಯಲ್ಲಿ ರಬ್ಬರ್ ಯಾಕೆ ಅಂತ ಹುಡುಕುತ್ತಾ ಹೋದಾಗ ಪರಿಚಯವಾದವರು ಫ್ರೆಡೆರಿಕ್ ಲ್ಯಾಂಚೆಸ್ಟರ್.

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರಲ್ಲಿ, ಲಂಡನ್‌ನಲ್ಲಿ. ತಂದೆ ಆರ್ಕಿಟೆಕ್ಟ್. ಕೆನ್ಸಿಂಗ್ಟನ್‌ನಲ್ಲಿ ಓದಿದರೂ ಡಿಗ್ರಿ ಪಡೆಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಒಂದು ಗ್ಯಾಸ್ ಇಂಜಿನ್ ಕಂಪನಿಗೆ ಸೇರಿ, ಕೆಲಸ ಮಾಡುತ್ತಲೇ ಇಂಜಿನಿಯರಿಂಗ್ ಕಲಿತರು. 1896ರಲ್ಲಿ ಅವರ ಮೊದಲ ಕಾರು ರಸ್ತೆಗಿಳಿಯಿತು. ಅದರಲ್ಲಿದ್ದದ್ದು ಒಂದೇ ಸಿಲಿಂಡರ್. ಮುಂದೆ ಎರಡು ಸಿಲಿಂಡರ್ ಎದುರುಬದುರು ಇಟ್ಟು, ವಿರುದ್ಧ ದಿಕ್ಕಿಗೆ ತಿರುಗುವ ಎರಡು ಕ್ರ್ಯಾಂಕ್‌ಶಾಫ್ಟ್ ಜೋಡಿಸಿದರು. ಒಂದರ ನಡುಕವನ್ನು ಇನ್ನೊಂದು ಕಳೆಯಿತು.

ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಬೇರೆ ತಲೆನೋವು. ಪಿಸ್ಟನ್ ಮೇಲಿನ ಅರ್ಧದಲ್ಲಿ ಕೆಳಗಿನ ಅರ್ಧಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ ಎರಡು ಸಲ ಮೇಲೆ ಕೆಳಗೆ ಕುಲುಕುತ್ತದೆ. ಇದಕ್ಕೆ ಲ್ಯಾಂಚೆಸ್ಟರ್ ಕೊಟ್ಟ ಪರಿಹಾರ, ಕ್ರ್ಯಾಂಕ್‌ನ ಎರಡು ಪಟ್ಟು ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ, ಒಂದು ಬದಿಗೆ ಭಾರ ಇರುವ ಜೋಡಿ ಶಾಫ್ಟ್. ಇವತ್ತಿನ ಎಷ್ಟೋ ಕಾರುಗಳ ಬ್ಯಾಲೆನ್ಸ್ ಶಾಫ್ಟ್ ಇದೇ.

1909ರಲ್ಲಿ ಡೈಮ್ಲರ್ ಕಂಪನಿಗೆ ಸಲಹೆಗಾರರಾದರು. ಆರು ಸಿಲಿಂಡರ್‌ನ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಕೆಲವು ವೇಗಗಳಲ್ಲಿ ಬಟ್ಟೆ ಹಿಂಡಿದ ಹಾಗೆ ತಿರುಚಿ ಬಿಚ್ಚಿಕೊಳ್ಳುತ್ತಿತ್ತು. ಅದರ ತುದಿಗೆ, ಎಣ್ಣೆಯಲ್ಲಿ ಜಾರುತ್ತಾ ಸುತ್ತುವ ಒಂದು ಪುಟ್ಟ ಫ್ಲೈವೀಲ್ ಕೂರಿಸಿದರು. ತಿರುಚುವ ಶಕ್ತಿ ಅಲ್ಲೇ ಶಾಖವಾಗಿ ಕರಗಿತು. ಮಾವನ ಕಾರಿನ ಪುಲ್ಲಿಯಲ್ಲಿ ಎಣ್ಣೆಯ ಬದಲು ರಬ್ಬರ್ ಮಾಡುತ್ತಿದ್ದದ್ದೂ ಇದೇ ಜಾತಿಯ ಕೆಲಸ.

ವಿಮಾನದ ರೆಕ್ಕೆ ಹೇಗೆ ಎತ್ತುವ ಬಲ ಪಡೆಯುತ್ತದೆ ಅಂತಲೂ 1907ರಲ್ಲೇ ಪುಸ್ತಕ ಬರೆದರು. ಆಗ ಇಂಗ್ಲೆಂಡ್‌ನಲ್ಲಿ ಅದಕ್ಕೆ ಸರಿಯಾದ ಬೆಲೆ ಸಿಗಲಿಲ್ಲ. 1922ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು.

ದುಡ್ಡು ಮಾತ್ರ ಕೈಹಿಡಿಯಲಿಲ್ಲ. 1899ರಲ್ಲಿ ಶುರುವಾದ ಅವರ ಕಾರು ಕಂಪನಿ ಐದೇ ವರ್ಷಕ್ಕೆ ಸಾಲಗಾರರ ಕೈ ಸೇರಿತ್ತು. ಕೊನೆಗಾಲದಲ್ಲಿ ಬೇರೆಯವರ ನೆರವಿನಿಂದ ಸ್ವಂತ ಮನೆ ಉಳಿಯಿತು. ಕಣ್ಣಿಗೆ ಪೊರೆ ಬಂತು, ಜೊತೆಗೆ ಪಾರ್ಕಿನ್ಸನ್ ಕಾಯಿಲೆ. ಎರಡನೇ ಮಹಾಯುದ್ಧ ನಡೆಯುವಾಗ ದೇಶಕ್ಕೆ ಏನೂ ಮಾಡಲಾಗುತ್ತಿಲ್ಲ ಅನ್ನೋ ಕೊರಗು ಅವರಿಗಿತ್ತು. 1946ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡರು.

ಇಂಜಿನ್‌ಗಳ ನಡುಕ ನಿಲ್ಲಿಸಿದವರ ಕೊನೆಯ ವರ್ಷಗಳನ್ನ ಓದಿ ನಂಗೆ ತುಂಬಾ ಹೊತ್ತು ಬೇಜಾರಾಯ್ತು. ಹೊಸ ಪುಲ್ಲಿ ಹಾಕಿದ ಮೇಲೆ ಮಾವನ ಕಾರು ಸುಮ್ಮನಾಗಿದೆ. ವೈಬ್ರೇಷನ್ ಚಾಪ್ಟರ್‌ನಲ್ಲಿ ಡ್ಯಾಂಪರ್ ಅಂತ ಬಂದಾಗ ಫಾರ್ಮುಲಾ ಜೊತೆ ಈ ಹೆಸರನ್ನೂ ಒಮ್ಮೆ ನೆನೆಸಿಕೊಳ್ಳೋಣ.