ಸಿಲಿಕಾನಿಗೆ ಕವಚ ತೊಡಿಸಿದ ವಿಜ್ಞಾನಿ ಜೀನ್ ಹೋರ್ನಿ

ಕೈಯಲ್ಲಿ ಹಿಡಿಯುವ ದೂರವಾಣಿಯು ಪುಟ್ಟದೊಂದು ಬ್ಯಾಟರಿಯ ಬಲದಿಂದ ದಿನವಿಡೀ ನಡೆಯುವುದು ಈಗ ಯಾರಿಗೂ ಅಚ್ಚರಿಯಲ್ಲ. ಅದರೊಳಗಿನ ಮೈಕ್ರೋಪ್ರೊಸೆಸರಿನ ಅಸಂಖ್ಯ ಟ್ರಾನ್ಸಿಸ್ಟರುಗಳು ಕೆಲಸವಿಲ್ಲದಾಗ ವಿದ್ಯುತ್ತನ್ನು ಬಹುಮಟ್ಟಿಗೆ ಸೋರಗೊಡದಿರುವುದು ಇದಕ್ಕೊಂದು ಮುಖ್ಯ ಕಾರಣ. ಈ ಸೋರಿಕೆಯನ್ನು ತಡೆಯುವ ಮಾರ್ಗವನ್ನು ತೋರಿದವರಲ್ಲಿ ಜೀನ್ ಹೋರ್ನಿಯವರು ಪ್ರಮುಖರು.

ಅವರು 1924ರ ಸೆಪ್ಟೆಂಬರ್ 26ರಂದು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿ ಜನಿಸಿದರು. ಜಿನೀವಾ ಹಾಗೂ ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಿಂದ ಎರಡು ಡಾಕ್ಟರೇಟ್ ಪದವಿಗಳನ್ನು ಪಡೆದು 1952ರಲ್ಲಿ ಅಮೆರಿಕೆಗೆ ತೆರಳಿದರು. 1956ರಲ್ಲಿ ವಿಲಿಯಂ ಶಾಕ್ಲಿಯವರ ಪ್ರಯೋಗಶಾಲೆಯನ್ನು ಸೇರಿದರಾದರೂ ಅಲ್ಲಿನ ವಾತಾವರಣ ಒಗ್ಗದೆ, ಮರುವರ್ಷವೇ ಏಳು ಮಂದಿ ಸಹೋದ್ಯೋಗಿಗಳೊಡನೆ ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು.

ಆ ಕಾಲದ ಟ್ರಾನ್ಸಿಸ್ಟರುಗಳ ಸಂಧಿಸ್ಥಾನಗಳಿಗೆ ಯಾವ ಹೊದಿಕೆಯೂ ಇರಲಿಲ್ಲ. ಲೋಹದ ಕಣವೊಂದು ತಾಗಿದರೂ ಅವು ಕೆಟ್ಟುಹೋಗುತ್ತಿದ್ದವು. ಸಿಲಿಕಾನಿನ ಮೇಲೆ ಬೆಳೆಸಿದ ಆಕ್ಸೈಡಿನ ಪೊರೆಯನ್ನು ಕೊನೆಯಲ್ಲಿ ಕೊಳೆಯೆಂದು ಬಗೆದು ತೆಗೆದುಹಾಕುವುದೇ ರೂಢಿಯಾಗಿತ್ತು. ಹೋರ್ನಿಯವರು ಆ ಪೊರೆಯನ್ನು ಉಳಿಸಿಕೊಂಡು, ಸಂಧಿಗಳೆಲ್ಲ ಅದರಡಿಯಲ್ಲಿ ಅಡಗಿರುವಂತೆ ಮಾಡಿದರು. 1957ರ ಡಿಸೆಂಬರಿನಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ಈ ಆಲೋಚನೆಯು 1959ರಲ್ಲಿ ಪ್ಲೇನಾರ್ ವಿಧಾನವೆಂಬ ಹೆಸರಿನಿಂದ ಕಾರ್ಯರೂಪಕ್ಕೆ ಬಂದಿತು. ಸೋರಿಕೆಯು ಬಹಳವಾಗಿ ತಗ್ಗಿತು. ಅದೇ ವರ್ಷ ರಾಬರ್ಟ್ ನಾಯ್ಸ್‌ರವರು ಇದೇ ಪೊರೆಯ ಮೇಲೆ ಲೋಹದ ಗೆರೆಗಳನ್ನು ಹಾಯಿಸಿ ಇಂಟಿಗ್ರೇಟೆಡ್ ಸರ್ಕ್ಯೂಟನ್ನು ಕಲ್ಪಿಸಿದರು. ಕೀರ್ತಿಯು ನಾಯ್ಸ್ ಮತ್ತು ಜ್ಯಾಕ್ ಕಿಲ್ಬಿಯವರ ಪಾಲಾಯಿತು. ತಳಹದಿ ಹಾಕಿದವರನ್ನು ಜನ ಅಷ್ಟಾಗಿ ನೆನೆಯಲಿಲ್ಲ. ಇದನ್ನು ನ್ಯಾಯವೆನ್ನಲಾಗದು.

1967ರಲ್ಲಿ ಹೋರ್ನಿಯವರು ಸ್ಥಾಪಿಸಿದ ಇಂಟರ್‌ಸಿಲ್ ಸಂಸ್ಥೆಯು ಕೈಗಡಿಯಾರಗಳಿಗೆ ಬೇಕಾದ ಸರ್ಕ್ಯೂಟುಗಳನ್ನು ಕೈಗೆತ್ತಿಕೊಂಡಿತು. ಗುಂಡಿಯಷ್ಟಿರುವ ಬ್ಯಾಟರಿಯು ಬಹುಕಾಲ ಬಾಳಬೇಕೆಂದರೆ ಮಿತವ್ಯಯವೊಂದೇ ದಾರಿ. ಫ್ರಾಂಕ್ ವಾನ್ಲಾಸ್‌ರವರು 1963ರಲ್ಲಿ ರೂಪಿಸಿದ್ದ ಸಿಮಾಸ್ ವಿಧಾನವು ಅದಕ್ಕೆ ಒದಗಿತು. ಅದರ ಜೋಡಿ ಟ್ರಾನ್ಸಿಸ್ಟರುಗಳಲ್ಲಿ ಒಂದು ವಿದ್ಯುತ್ತಿಗೆ ದಾರಿ ಬಿಟ್ಟಾಗ ಇನ್ನೊಂದು ತಡೆದಿರುತ್ತದೆ. ಆದುದರಿಂದ ಸ್ಥಿತಿ ಬದಲಾಗುವ ಗಳಿಗೆಯಲ್ಲಷ್ಟೇ ಹೆಚ್ಚಿನ ವೆಚ್ಚ. 1970ರ ದಶಕದ ಮಧ್ಯದಲ್ಲಿ ಅದೇ ಸಂಸ್ಥೆಯಿಂದ 6100 ಎಂಬ 12 ಬಿಟ್‌ಗಳ ಸಿಮಾಸ್ ಮೈಕ್ರೋಪ್ರೊಸೆಸರ್ ಹೊರಬಂದಿತು. ಇಂದಿನ ಮೊಬೈಲುಗಳ ಪ್ರೊಸೆಸರುಗಳೂ ಈ ಕುಲಕ್ಕೇ ಸೇರಿದವು.

ಪರ್ವತಾರೋಹಣವು ಹೋರ್ನಿಯವರಿಗೆ ಪ್ರಿಯವಾಗಿತ್ತು. ಕಾರಾಕೋರಂ ಪರ್ವತಶ್ರೇಣಿಯ ಬಡ ಜನರ ವಿಷಯದಲ್ಲಿ ಅವರಿಗೆ ಮರುಕವಿದ್ದಿತು. ಬಾಲ್ಟಿಸ್ತಾನದ ಕೋರ್ಫೆ ಎಂಬ ಹಳ್ಳಿಯಲ್ಲಿ ಶಾಲೆ ಕಟ್ಟಲು 12,000 ಡಾಲರುಗಳನ್ನು ನೀಡಿದರು. ಮುಂದೆ 1996ರಲ್ಲಿ ಹತ್ತು ಲಕ್ಷ ಡಾಲರುಗಳನ್ನಿತ್ತು ಸೆಂಟ್ರಲ್ ಏಷ್ಯಾ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಶರಣರು ದಾಸೋಹವೆಂದು ಕರೆದುದಕ್ಕೆ ಇದು ದೂರವಾದುದಲ್ಲ. 1997ರ ಜನವರಿ 12ರಂದು ಅವರು ಸಿಯಾಟಲ್ ನಗರದಲ್ಲಿ ಕಾಲವಾದರು. ಕೋರ್ಫೆಯ ಶಾಲೆಯು ಅದಕ್ಕೆ ಸ್ವಲ್ಪ ಮೊದಲು ಸಿದ್ಧವಾಗಿತ್ತು.