ಬಂದೂಕು ದೊಡ್ಡದಾದ್ರೆ ಸಾಲದು, ಹತ್ತಿರ ಹೋಗಬೇಕು: ನರಭಕ್ಷಕಗಳ ಬೇಟೆಗಾರ ಕೆನೆತ್ ಆಂಡರ್ಸನ್

ಚಾಂಪಿಯನ್ ರೀಫ್ಸ್: ಬಂಡೆ ನೋಡಿ ಮದ್ದು ತುಂಬಬೇಕು ಅನ್ನೋದು ನಮ್ಮೂರಲ್ಲಿ ಗಣಿಗೆ ಇಳಿದು ದುಡಿದ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಟೆಯಲ್ಲೂ ಅದೇ ಲೆಕ್ಕ. ಪ್ರಾಣಿ ಯಾವುದು, ಎಷ್ಟು ದೂರದಲ್ಲಿದೆ ಅಂತ ನೋಡಿ ಗುಂಡು ಆರಿಸಬೇಕು. ಈ ಲೆಕ್ಕ ಚೆನ್ನಾಗಿ ಬಲ್ಲವರಲ್ಲಿ ಒಬ್ಬರು ಕೆನೆತ್ ಆಂಡರ್ಸನ್.

ಇವರು ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನವಾದ್ರೂ ತಲೆಮಾರುಗಳಿಂದ ಇಲ್ಲೇ ನೆಲೆಸಿದವರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಕೆಲಸ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ. ರಜೆ ಸಿಕ್ಕರೆ ಸಾಕು, ಕಾಡಿಗೆ ಹೊರಟುಬಿಡೋರು. ಕನ್ನಡ, ತಮಿಳು ಎರಡೂ ಬರ್ತಿದ್ದರಿಂದ ಹಳ್ಳಿಯವರ ಜೊತೆ ಕೂತು ಸುದ್ದಿ ತಿಳ್ಕೊಳ್ಳೋದು ಕಷ್ಟ ಆಗ್ಲಿಲ್ಲ.

ಅವರ ನೆಚ್ಚಿನ ಬಂದೂಕು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದನ್ನೇ. ಇದರ ಗುಂಡಿನ ತೂಕ 300 ಗ್ರೇನ್, ಅಂದ್ರೆ 19 ಗ್ರಾಂಗೆ ಸ್ವಲ್ಪ ಮೇಲೆ. ಬಂಗಾರದ ಲೆಕ್ಕದಲ್ಲಿ ಹೇಳೋದಾದ್ರೆ ಎರಡೂವರೆ ಸವರನ್‌ಗೆ ಒಂಚೂರು ಕಮ್ಮಿ. ನಳಿಕೆ ಬಿಡುವಾಗ ಸೆಕೆಂಡಿಗೆ ಸುಮಾರು 2,200 ಅಡಿ ವೇಗ.

ಆದ್ರೆ ಈ ಗುಂಡಿನ ಮೂತಿ ಮೊಂಡು. ಗಾಳಿ ಬೇಗ ತಡೆಯುತ್ತೆ, ವೇಗ ಕುಗ್ಗುತ್ತೆ, ಗುಂಡು ಕೆಳಗಿಳಿಯುತ್ತೆ. 100 ಗಜಕ್ಕೆ ಸರಿಯಾಗಿ ಗುರಿ ಹೊಂದಿಸಿದ ರೈಫಲ್, 200 ಗಜದಲ್ಲಿ ಹತ್ತಿರಹತ್ತಿರ ಒಂದು ಗೇಣು ಕೆಳಗೆ ಹೊಡೆಯುತ್ತೆ. 300 ಗಜಕ್ಕಾದ್ರೆ ಒಂದೂವರೆ ಮೊಳಕ್ಕಿಂತ ಹೆಚ್ಚು. ಹುಲಿಯ ಎದೆಗೆ ಗುರಿ ಇಟ್ಟರೆ ಕಾಲಿಗೆ ಬೀಳುತ್ತೆ. ಉದ್ದಕ್ಕೂ ಚೂಪಾದ ಹಗುರ ಗುಂಡು ದೂರಕ್ಕೆ ನೇರ ಹೋಗುತ್ತೆ ನಿಜ. ಆದರೆ ಮೈಮೇಲೆ ಬೀಳೋ ಹುಲಿಯನ್ನ ಎದುರುಗಡೆಯೇ ಕೆಡವೋಕೆ ತೂಕದ ಗುಂಡೇ ಬೇಕು.

ಗುಂಡಿನಲ್ಲೂ ಎರಡು ಜಾತಿ. ಒಂದರ ಮೂತಿಯಲ್ಲಿ ಸೀಸ ಹೊರಗೆ ಕಾಣ್ತಿರುತ್ತೆ. ಅದು ಮೈಯೊಳಗೆ ಹೋಗಿ ಅಣಬೆ ಥರ ಅರಳಿ ದೊಡ್ಡ ಗಾಯ ಮಾಡುತ್ತೆ. ಹುಲಿ, ಚಿರತೆಗೆ ಅದು. ಇನ್ನೊಂದಕ್ಕೆ ಪೂರ್ತಿ ಲೋಹದ ಕವಚ. ಅರಳದೆ ನೇರ ಒಳಗೆ ನುಗ್ಗುತ್ತೆ. ಆನೆಯ ದಪ್ಪ ತಲೆಬುರುಡೆಗೆ ಇದೇ ಆಗಬೇಕು. ಅದಲು ಬದಲಾದ್ರೆ ಪ್ರಾಣಿ ಸಾಯಲ್ಲ, ಗಾಯ ಆಗಿ ಓಡುತ್ತೆ.

ಅಪಾಯ ಶುರುವಾಗೋದೇ ಅಲ್ಲಿಂದ. ಗಾಯಗೊಂಡು ಓಡಲಾರದ ಹುಲಿಗೆ ಜಿಂಕೆ, ಕಡವೆ ಸಿಗಲ್ಲ. ಹೊಲಕ್ಕೆ ಹೊರಟ ಮನುಷ್ಯ ಸಿಗ್ತಾನೆ. ದೂರದಿಂದ ಯಾರೋ ಹೊಡೆದ ನಾಡಬಂದೂಕಿನ ಚರೆ, ಗುರಿ ತಪ್ಪಿದ ಒಂದು ತೋಟಾ ಎಷ್ಟೋ ಮನೆ ಹಾಳು ಮಾಡಿದ್ದನ್ನ ಆಂಡರ್ಸನ್ ಮತ್ತೆ ಮತ್ತೆ ಬರೆದರು. ಹೊಸೂರಿನ ಆಚೆ, ತಳಿ ಕಡೆಯ ಗುಮ್ಮಳಾಪುರದ ಚಿರತೆ 42 ಜನರನ್ನ ಕೊಂದಿತ್ತು. ಸತ್ತ ಮೇಲೆ ನೋಡಿದ್ರೆ ಪಂಜದೊಳಗೆ ಮುಳ್ಳುಹಂದಿ ಮುಳ್ಳು. ಒಂದು ಮುಳ್ಳಿಗೇ ಹೀಗಾದ್ರೆ ಗುಂಡಿನ ಗಾಯಕ್ಕೆ ಇನ್ನೇನು ಹೇಳೋದು?

ಅದಕ್ಕೇ ಅವರು ದೂರದ ಈಡಿಗೆ ಆಸೆ ಪಡಲಿಲ್ಲ. ಅಟ್ಟಣೆ ಮೇಲೋ, ಖಾಲಿ ಗುಡಿಸಲಲ್ಲೋ ರಾತ್ರಿಯೆಲ್ಲ ಅಲ್ಲಾಡದೆ ಕೂತು, ರೈಫಲ್‌ಗೆ ಟಾರ್ಚ್ ಕಟ್ಕೊಂಡು, ಹುಲಿ ಕೆಲವೇ ಗಜ ಹತ್ತಿರ ಬರೋವರೆಗೂ ಕಾಯ್ತಿದ್ರು. ಗಾಯ ಆದ್ರೆ ರಕ್ತದ ಜಾಡು ಹಿಡಿದು ತಾವೇ ಪೊದೆಗೆ ನುಗ್ಗೋರು. ಅರ್ಧಕ್ಕೆ ಬಿಟ್ಟು ಬರೋದು ಪಾಪ ಅನ್ನೋದು ಅವರ ನಿಯಮ. 1939ರಿಂದ 1966ರವರೆಗೆ ಸರ್ಕಾರಿ ದಾಖಲೆಯಲ್ಲಿ ಇರೋ ಲೆಕ್ಕ 7 ಹುಲಿ, 8 ಚಿರತೆ. ಎಲ್ಲವೂ ನರಭಕ್ಷಕಗಳೇ.

1954ರಲ್ಲಿ ಮೊದಲ ಪುಸ್ತಕ ಬಂತು. ಮುಂದೆ ಪೂರ್ಣಚಂದ್ರ ತೇಜಸ್ವಿ ಈ ಅನುಭವಗಳನ್ನ 'ಕಾಡಿನ ಕತೆಗಳು' ಅಂತ ಕನ್ನಡಕ್ಕೆ ತಂದು ಮನೆ ಮನೆಗೆ ತಲುಪಿಸಿದ್ರು. ವಯಸ್ಸಾದಂತೆ ಆಂಡರ್ಸನ್‌ಗೆ ಕೊಲ್ಲೋದಕ್ಕಿಂತ ಕಾಡು ಉಳಿಸೋ ಚಿಂತೆಯೇ ಜಾಸ್ತಿಯಾಯ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದಾಗಿ ಎರಡು ವರ್ಷಕ್ಕೆ, 1974ರ ಆಗಸ್ಟ್ 30ರಂದು, ಬೆಂಗಳೂರಲ್ಲಿ ತೀರಿಕೊಂಡ್ರು.

ಇವತ್ತು ಬೇಟೆ ಅಪರಾಧ. ಆದ್ರೆ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಕಡೆ ಈಗಲೂ ಆನೆ ಹೊಲಕ್ಕೆ ಇಳಿಯುತ್ತೆ, ಬೆಳೆ ಹೋದ ರೈತನ ಸಿಟ್ಟೂ ಸುಳ್ಳಲ್ಲ. ಹಾಗಂತ ಕತ್ತಲಲ್ಲಿ ನಾಡಬಂದೂಕು ಎತ್ತಿ ದೂರದಿಂದ ಒಂದು ಈಡು ಹಾರಿಸಿದ್ರೆ ಆನೆ ಸಾಯಲ್ಲ, ಹುಚ್ಚೇಳುತ್ತೆ. ಮಾರನೇ ದಿನ ಅದರ ಎದುರಿಗೆ ಸಿಗೋದು ಗುಂಡು ಹಾರಿಸಿದವನಲ್ಲ, ಬೆಳಗ್ಗೆ ಹಾಲು ಹಾಕೋಕೆ ಡೈರಿಗೆ ಹೊರಟ ಪಕ್ಕದ ಮನೆಯವನು.