15ನೇ ವಯಸ್ಸಿಗೇ ವಿಂಬಲ್ಡನ್ ಗೆದ್ದ ಹುಡುಗಿ: ಸಣ್ಣ ಊರಿನ ಟೂರ್ನಿಗಳು ಬೆಳೆಸಿದ ಲಾಟಿ ಡಾಡ್ ಕಥೆ

ವಿಂಬಲ್ಡನ್ ಸಿಂಗಲ್ಸ್ ಗೆದ್ದ ಅತಿ ಕಿರಿಯ ಆಟಗಾರ್ತಿ ಯಾರು ಅಂತ ಕೇಳಿದ್ರೆ ಟೆನಿಸ್ ನೋಡೋರು ಸಾಮಾನ್ಯವಾಗಿ ಮಾರ್ಟಿನಾ ಹಿಂಗಿಸ್ ಹೆಸರು ಹೇಳ್ತಾರೆ. ಆದ್ರೆ ಹಿಂಗಿಸ್ 15ನೇ ವಯಸ್ಸಲ್ಲಿ ಗೆದ್ದಿದ್ದು ಡಬಲ್ಸ್, ಅದು 1996ರಲ್ಲಿ. ಸಿಂಗಲ್ಸ್ ದಾಖಲೆ 1887ರಿಂದ ಇವತ್ತಿನವರೆಗೂ ಒಬ್ಬಳದ್ದೇ. ಅವಳು ಇಂಗ್ಲೆಂಡಿನ ಲಾಟಿ ಡಾಡ್. ಗೆದ್ದಾಗ ಅವಳ ವಯಸ್ಸು 15 ವರ್ಷ 285 ದಿನ. ನಮ್ಮಲ್ಲಾದ್ರೆ ಹತ್ತನೇ ಕ್ಲಾಸ್ ಓದೋ ವಯಸ್ಸು.

ಅವಳು ಸೀದಾ ಹೋಗಿ ವಿಂಬಲ್ಡನ್ ಗೆಲ್ಲಲಿಲ್ಲ. ಅದಕ್ಕೂ ಮೊದಲು ಸಣ್ಣಪುಟ್ಟ ಊರುಗಳ ಹುಲ್ಲಿನ ಅಂಕಣಗಳಲ್ಲಿ ಆಡಿ, ಸೋತು, ಗೆದ್ದು ಪಳಗಿದ್ದಳು. ಆ ಟೂರ್ನಿಗಳಲ್ಲಿ ಬಹಳಷ್ಟು ಈಗ ಇಲ್ಲ.

ಮನೆ ಹಿತ್ತಲಲ್ಲೇ ಅಂಕಣ

ಷಾರ್ಲೆಟ್ ಡಾಡ್ ಹುಟ್ಟಿದ್ದು 1871ರ ಸೆಪ್ಟೆಂಬರ್ 24ರಂದು, ಲಿವರ್‌ಪೂಲ್ ಹತ್ತಿರದ ಬೆಬಿಂಗ್ಟನ್ ಅನ್ನೋ ಊರಲ್ಲಿ. ಲಾಟಿ ಅನ್ನೋದು ಕರೆಯೋ ಹೆಸರು. ಅಪ್ಪ ಜೋಸೆಫ್ ಹತ್ತಿ ವ್ಯಾಪಾರದ ದಲ್ಲಾಳಿ. ಆ ಕಾಲಕ್ಕೆ ಲಿವರ್‌ಪೂಲ್ ಹತ್ತಿ ವ್ಯಾಪಾರದ ದೊಡ್ಡ ಪೇಟೆ, ಹಾಗಾಗಿ ದುಡ್ಡು ಚೆನ್ನಾಗೇ ಆಗಿತ್ತು. ಲಾಟಿ ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡ್ರು. ಆದ್ರೂ ನಾಲ್ಕು ಮಕ್ಕಳಲ್ಲಿ ಯಾರೂ ದುಡಿದು ತಿನ್ನೋ ಅವಶ್ಯಕತೆ ಬರಲಿಲ್ಲ. ಪಾಠ ಹೇಳೋಕೆ ಮನೆಗೇ ಟೀಚರ್ ಬರ್ತಿದ್ರು. ಮನೆಯಲ್ಲೇ ಟೆನಿಸ್ ಅಂಕಣ ಇತ್ತು. ಇದನ್ನು ಮುಚ್ಚಿಟ್ಟು ಅವಳ ಕಥೆ ಹೇಳಿದ್ರೆ ಅರ್ಧ ಕಥೆ ಆಗುತ್ತೆ.

ಲಾನ್ ಟೆನಿಸ್ ಆಗ ಹೊಸ ಆಟ. ಹುಲ್ಲು ಕತ್ತರಿಸೋ ಯಂತ್ರ 1830ರಲ್ಲೇ ಬಂದಿತ್ತು, ಹುಲ್ಲಿನ ಮೇಲೂ ಪುಟಿಯೋ ರಬ್ಬರ್ ಚೆಂಡು ಆಮೇಲೆ ಬಂತು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಅನ್ನೋರು ಆಟಕ್ಕೆ ಪೇಟೆಂಟ್ ಪಡೆದ್ರು, 1877ರಲ್ಲಿ ವಿಂಬಲ್ಡನ್ ಶುರುವಾಯ್ತು. ಸಮತಟ್ಟಾದ ಹುಲ್ಲುಹಾಸು, ಒಂದು ರೋಲರ್, ನೆಟ್, ಗೆರೆ ಹಾಕೋಕೆ ಸುಣ್ಣ ಇದ್ರೆ ಟೂರ್ನಿ ಮಾಡಬಹುದಿತ್ತು. ಬಾತ್, ಚೆಲ್ಟನಮ್, ಎಕ್ಸ್‌ಮತ್ ಥರದ ಊರುಗಳು ಬೇಸಿಗೆಯಲ್ಲಿ ತಮ್ಮದೇ ಟೂರ್ನಿ ನಡೆಸ್ತಿದ್ದವು. ವಿಂಬಲ್ಡನ್‌ನಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1884ರಲ್ಲಿ, ಅಂದ್ರೆ ಏಳು ವರ್ಷ ತಡವಾಗಿ.

11ರ ಹುಡುಗಿ, ಜತೆಗೆ ಅಕ್ಕ

1883ರಲ್ಲಿ ಲಾಟಿ ಅಕ್ಕ ಆನಿ ಜತೆ ಮ್ಯಾಂಚೆಸ್ಟರ್‌ಗೆ ಹೋಗಿ ನಾರ್ದರ್ನ್ ಚಾಂಪಿಯನ್‌ಶಿಪ್‌ನಲ್ಲಿ ಡಬಲ್ಸ್ ಆಡಿದಳು. ಆಗ ಅವಳಿಗೆ 11 ವರ್ಷ. ಮೊದಲ ಸುತ್ತಲ್ಲೇ ಸೋಲು. ಆದ್ರೆ ಸೋತವರಿಗೆ ಅಂತಲೇ ಬೇರೆ ಸ್ಪರ್ಧೆ ಇಟ್ಟಿದ್ರು, ಅದನ್ನ ಅಕ್ಕತಂಗಿ ಗೆದ್ರು. ಪತ್ರಿಕೆಯವರ ಕಣ್ಣಿಗೂ ಬಿದ್ದಳು.

ಎರಡು ವರ್ಷ ಬಿಟ್ಟು, 1885ರಲ್ಲಿ, ಲಿವರ್‌ಪೂಲ್ ಪಕ್ಕದ ವಾಟರ್‌ಲೂ ಅನ್ನೋ ಊರಿನ ಟೂರ್ನಿಯಲ್ಲಿ ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಡಬಲ್ಸ್ ಮೂರನ್ನೂ ಗೆದ್ದಳು. ನೆಪೋಲಿಯನ್ ಸೋತ ವಾಟರ್‌ಲೂ ಬೇರೆ, ಇದು ಬೇರೆ. ಅದೇ ವರ್ಷ ನಾರ್ದರ್ನ್ ಫೈನಲ್‌ನಲ್ಲಿ ಮಾಡ್ ವಾಟ್ಸನ್ ಎದುರು ಸ್ವಲ್ಪದರಲ್ಲಿ ಸೋತಳು. ವಾಟ್ಸನ್ ಅಂದ್ರೆ ವಿಂಬಲ್ಡನ್‌ನ ಮೊಟ್ಟಮೊದಲ ಮಹಿಳಾ ಚಾಂಪಿಯನ್. ಆಗ ಆಕೆಯನ್ನ ಸೋಲಿಸೋರೇ ಇರಲಿಲ್ಲ.

ಆ ಗೆಲುವಿನ ಸರಣಿ ಮುರಿದಿದ್ದು ಬಾತ್ ಪಟ್ಟಣದಲ್ಲಿ. 1886ರ ವೆಸ್ಟ್ ಆಫ್ ಇಂಗ್ಲೆಂಡ್ ಚಾಂಪಿಯನ್‌ಶಿಪ್‌ನಲ್ಲಿ 14 ವರ್ಷದ ಲಾಟಿ ವಾಟ್ಸನ್‌ರನ್ನ ಸೋಲಿಸಿದಳು. ಸತತ 55 ಪಂದ್ಯ ಗೆದ್ದಿದ್ದ ಆಟಗಾರ್ತಿ ಸೋತಿದ್ದು ವಿಂಬಲ್ಡನ್‌ನಲ್ಲಿ ಅಲ್ಲ, ಇಂಥ ಒಂದು ಊರಿನ ಟೂರ್ನಿಯಲ್ಲಿ.

ಮರುವರ್ಷ, 1887ರಲ್ಲಿ, ಲಾಟಿ ವಿಂಬಲ್ಡನ್‌ಗೆ ಹೋದಳು. ಹಿಂದಿನ ವರ್ಷದ ಚಾಂಪಿಯನ್ ಬರೀ ಫೈನಲ್ ಆಡಿದ್ರೆ ಸಾಕು ಅನ್ನೋ ನಿಯಮ ಆಗಿತ್ತು. ಹಾಗೆ ಕಾದು ಕೂತಿದ್ದ ಬ್ಲಾಂಚ್ ಬಿಂಗ್ಲಿಯನ್ನ 6-2, 6-0ರಿಂದ ಸೋಲಿಸಿದಳು. ಆಮೇಲೆ 1888, 1891, 1892, 1893ರಲ್ಲೂ ಗೆದ್ದಳು. ಒಟ್ಟು ಐದು ಸಲ. ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಯಾರೂ ಅವಳನ್ನ ಸೋಲಿಸಲೇ ಇಲ್ಲ.

ಲಂಗದ ಉದ್ದ

ಆಗಿನ ಹೆಂಗಸರು ನೆಲ ಗುಡಿಸೋವಷ್ಟು ಉದ್ದದ ಲಂಗ, ಸೊಂಟ ಬಿಗಿಯೋ ಒಳಉಡುಪು, ತಲೆಗೆ ಹ್ಯಾಟ್ ಹಾಕ್ಕೊಂಡೇ ಟೆನಿಸ್ ಆಡ್ತಿದ್ರು. ಹುಲ್ಲಿನ ಮೇಲೆ ಚೆಂಡು ಹೆಚ್ಚು ಮೇಲೇಳಲ್ಲ, ಜಾರಿಕೊಂಡು ಬರುತ್ತೆ. ಬಗ್ಗಬೇಕು, ಓಡಬೇಕು. ಆ ಬಟ್ಟೆಯಲ್ಲಿ ಎಷ್ಟು ಓಡೋಕಾಗುತ್ತೆ, ನೀವೇ ಹೇಳಿ. ಲಾಟಿ ಇನ್ನೂ ಹುಡುಗಿ ಆಗಿದ್ರಿಂದ ಶಾಲಾ ಹುಡುಗಿಯರ ಗಿಡ್ಡ ಲಂಗಕ್ಕೆ ಅಡ್ಡಿ ಇರಲಿಲ್ಲ. ಅದು ಅವಳಿಗೆ ಅನುಕೂಲ ಆಯ್ತು ಅಂತ ಗೊಣಗಿದವರೂ ಇದ್ರು. ಆದ್ರೆ ದೊಡ್ಡವಳಾಗಿ ಎಲ್ಲರಂಥ ಬಟ್ಟೆ ಹಾಕಿದ ಮೇಲೂ ಗೆಲ್ತಾನೇ ಹೋದಳು.

ಸರ್ವ್ ಮಾತ್ರ ಕೆಳಗಿನಿಂದಲೇ ಮಾಡ್ತಿದ್ದಳು. ಉಳಿದ ಆಟದಲ್ಲಿ ಗಂಡಸರಂತೆ ನೆಟ್ ಹತ್ತಿರ ಬಂದು ವಾಲಿ, ಸ್ಮ್ಯಾಶ್ ಹೊಡೆಯೋಳು. ಹೆಂಗಸರೂ ಓಡಿ ಆಡಬೇಕು, ಅದಕ್ಕೆ ಒಪ್ಪೋ ಬಟ್ಟೆ ಬೇಕು ಅನ್ನೋದು ಅವಳ ವಾದ.

1888ರಲ್ಲಿ ಎಕ್ಸ್‌ಮತ್ ಅನ್ನೋ ಕಡಲ ತೀರದ ಊರಲ್ಲಿ ಆ ವರ್ಷದ ವಿಂಬಲ್ಡನ್ ಚಾಂಪಿಯನ್ ಅರ್ನೆಸ್ಟ್ ರೆನ್‌ಶಾ ಎದುರು ಆಡಿದಳು. ಪ್ರತಿ ಗೇಮ್‌ನಲ್ಲೂ ಅವಳಿಗೆ 30 ಪಾಯಿಂಟ್ ಮೊದಲೇ ಕೊಟ್ಟಿದ್ರು. ಮೊದಲ ಸೆಟ್ 6-2ರಿಂದ ಲಾಟಿಗೆ. ಉಳಿದ ಎರಡನ್ನ ರೆನ್‌ಶಾ 7-5, 7-5ರಿಂದ ಕಷ್ಟಪಟ್ಟು ಗೆದ್ರು.

21ಕ್ಕೇ ಸಾಕು ಅಂದಳು

1893ರ ಗೆಲುವಿನ ನಂತರ ವಿಂಬಲ್ಡನ್ ಬಿಟ್ಟಳು. ವಯಸ್ಸು ಬರೀ 21. ಆದ್ರೆ ಸುಮ್ಮನೆ ಕೂರಲಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್‌ನಲ್ಲಿ ಐಸ್ ಸ್ಕೇಟಿಂಗ್ ಕಲಿತಳು, ಬೆಟ್ಟ ಹತ್ತಿದಳು. ಇಂಗ್ಲೆಂಡ್ ಪರ ಹಾಕಿ ಆಡಿ, 1900ರಲ್ಲಿ ಐರ್ಲೆಂಡ್ ವಿರುದ್ಧ 2-1ರಿಂದ ಗೆದ್ದ ಪಂದ್ಯದ ಎರಡೂ ಗೋಲು ಹೊಡೆದಳು. 1904ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಬ್ರಿಟಿಷ್ ಮಹಿಳಾ ಗಾಲ್ಫ್ ಚಾಂಪಿಯನ್ ಆದಳು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯ ಬೆಳ್ಳಿ ಪದಕ. ಅವಳನ್ನ ಸೋಲಿಸಿ ಚಿನ್ನ ಗೆದ್ದ ಕ್ವೀನಿ ನ್ಯೂವಲ್‌ಗೆ ಆಗ 53 ವರ್ಷ! ಅದೇ ಒಲಿಂಪಿಕ್ಸ್‌ನಲ್ಲಿ ಲಾಟಿಯ ಅಣ್ಣ ವಿಲಿಯಂ ಗಂಡಸರ ಬಿಲ್ಲುಗಾರಿಕೆಯ ಚಿನ್ನ ಗೆದ್ರು.

ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಪರ ಆಸ್ಪತ್ರೆ ಸೇವೆ ಮಾಡಿದ್ರು. ಮದುವೆ ಆಗಲಿಲ್ಲ. 1960ರ ಜೂನ್ 27ರಂದು, 88ನೇ ವಯಸ್ಸಲ್ಲಿ ತೀರಿಕೊಂಡ್ರು. ಆಗ ವಿಂಬಲ್ಡನ್ ನಡೀತಿತ್ತು, ಹಾಸಿಗೆಯಲ್ಲಿದ್ದುಕೊಂಡೇ ರೇಡಿಯೊದಲ್ಲಿ ಕಾಮೆಂಟ್ರಿ ಕೇಳ್ತಿದ್ರಂತೆ.

ಆ ಟೂರ್ನಿಗಳು ಏನಾದವು?

ಹುಲ್ಲಿನ ಅಂಕಣ ಸಾಕೋದು ಹಸು ಸಾಕಿದ ಹಾಗೆ, ಒಂದು ದಿನವೂ ಬಿಡೋಹಾಗಿಲ್ಲ. ನೀರು, ಕತ್ತರಿಸೋದು, ರೋಲರ್ ಎಳೆಯೋದು, ಮಳೆ ಬಂದ್ರೆ ಆಟ ಬಂದ್. 1968ರಲ್ಲಿ ದುಡ್ಡಿಗೆ ಆಡೋ ವೃತ್ತಿಪರರಿಗೂ ದೊಡ್ಡ ಟೂರ್ನಿಗಳ ಬಾಗಿಲು ತೆರೆದ ಮೇಲೆ ಬಹುಮಾನದ ಹಣ ಏರ್ತಾ ಹೋಯ್ತು, ಸಣ್ಣ ಊರಿನ ಕ್ಲಬ್‌ಗಳ ಕೈಗೆ ಎಟುಕದಾಯ್ತು. ದೊಡ್ಡವರೂ ಹುಲ್ಲು ಬಿಟ್ರು. ಅಮೆರಿಕನ್ ಓಪನ್ 1975ರಲ್ಲಿ, ಆಸ್ಟ್ರೇಲಿಯನ್ ಓಪನ್ 1988ರಲ್ಲಿ ಬೇರೆ ಅಂಕಣಕ್ಕೆ ಹೋದವು. ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಹುಲ್ಲು ಉಳಿದಿರೋದು ವಿಂಬಲ್ಡನ್‌ನಲ್ಲಿ ಮಾತ್ರ. ವಾಟ್ಸನ್ ಸೋತ ಬಾತ್‌ನ ಆ ಹಳೇ ಚಾಂಪಿಯನ್‌ಶಿಪ್ ಈಗಿಲ್ಲ.

ಲಾಟಿಗೆ ದುಡ್ಡಿತ್ತು, ಅಂಕಣ ಇತ್ತು. ಆದ್ರೆ ಮನೆ ಹಿತ್ತಲಲ್ಲಿ ಎಷ್ಟೇ ಆಡಿದ್ರೂ ವಾಟ್ಸನ್ ಥರದವರು ಎದುರು ಸಿಕ್ತಿರಲಿಲ್ಲ. 11ಕ್ಕೆ ಸೋಲೋಕೆ, 13ಕ್ಕೆ ಗೆಲ್ಲೋಕೆ ಹತ್ತಿರದಲ್ಲೇ ಒಂದು ಟೂರ್ನಿ ಬೇಕಿತ್ತು. ಸೋತವರನ್ನೂ ವಾಪಸ್ ಕಳಿಸದೆ ಇನ್ನೊಂದು ಸ್ಪರ್ಧೆ ಇಟ್ಟ ಸಂಘಟಕರು ಬೇಕಿತ್ತು.

ನಮ್ಮ ತಾಲೂಕುಗಳಲ್ಲೂ ಹಬ್ಬ, ಜಾತ್ರೆ ಸಮಯಕ್ಕೆ ವಾಲಿಬಾಲ್, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆಯುತ್ತವೆ. ಕಪ್‌ಗೆ, ಪೆಂಡಾಲ್‌ಗೆ, ಊಟಕ್ಕೆ ದುಡ್ಡು ಕೊಡೋರು ನಮ್ಮ ಅಂಗಡಿಯವರೇ. ಮುಂದಿನ ಸಲ ರಸೀದಿ ಪುಸ್ತಕ ಹಿಡ್ಕೊಂಡು ಹುಡುಗರು ಬಂದಾಗ ಒಂದು ಮಾತು ಕೇಳಿ: ಹುಡುಗಿಯರಿಗೆ ಪಂದ್ಯ ಇಟ್ಟಿದ್ದೀರಾ? ಇಲ್ಲ ಅಂದ್ರೆ, ಇಟ್ಟರೆ ಇನ್ನೂ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅನ್ನಿ.